ಮೂಸಬ್ಬನವರ ನಾಲ್ಕಡಿ ಕಡಲು

ಮೂಸಬ್ಬನವರ ಅಂಗಡಿಯಲ್ಲಿ ಗಾಜು ಒಡೆಯುತ್ತಿರಲಿಲ್ಲ. ಕೈತಪ್ಪಿ ನೆಲಕ್ಕೆ ಬಿದ್ದು ತುಂಡಾದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಚಿಕ್ಕದಾಯಿತು." ಕಿಟಕಿಗೆಂದು ಕತ್ತರಿಸಿದ್ದು ಅಳತೆ ತಪ್ಪಿದರೆ ಮದುವೆಯ ಫೋಟೋದ ಚೌಕಟ್ಟಿಗೆ ಆಗುತ್ತಿತ್ತು, ಅದೂ ತಪ್ಪಿದರೆ ಇನ್ನೂ ಸಣ್ಣ ಫೋಟೋಗೆ. ಬಂದರಿನ ಆ ಅಂಗಡಿಯ ಪಕ್ಕದಲ್ಲೇ ನನ್ನ ಹೋಟೆಲು. ನನ್ನದು ಉಲ್ಟಾ ಸ್ವಭಾವ. ಚಹಾದ ಒಂದು ಗ್ಲಾಸು ಒಡೆದರೆ ಇಡೀ ಬೀದಿಗೆ ಕೇಳುವ ಹಾಗೆ ಕೂಗುವವನು ನಾನು. ಹೀಗೆ ಒಂದೇ ಗೋಡೆಯ ಆಚೆ ಈಚೆ ಇಪ್ಪತ್ತು ವರ್ಷ ಕಳೆದೆವು.

ಬಂದರಿನಲ್ಲೇ ಹುಟ್ಟಿ ಬೆಳೆದ ಮೂಸಬ್ಬನವರಿಗೆ ದೋಣಿ ಆಗುತ್ತಿರಲಿಲ್ಲ. ಹೊಳೆ ದಾಟಿ ಬೆಂಗ್ರೆಗೆ ಹೋಗುವ ಅಷ್ಟು ದೂರದಲ್ಲೂ ಎರಡು ಸಲ ವಾಂತಿ. ಲಕ್ಷದ್ವೀಪದಿಂದ ಮಂಜಿ ಹಡಗಿನಲ್ಲಿ ಕೊಬ್ಬರಿ ತರುತ್ತಿದ್ದ ಕುಂಞಿಕೋಯ ಎಂಬವರು ಮೂಸಬ್ಬನವರ ಹಳೆಯ ಗೆಳೆಯ. "ನಮ್ಮ ದ್ವೀಪಕ್ಕೆ ಬನ್ನಿ, ನೀರಿನ ಒಳಗೆ ತೋಟವೇ ಉಂಟು" ಎಂದು ಕೋಯ ಪ್ರತಿ ವರ್ಷ ಕರೆಯುತ್ತಿದ್ದರು. ಕರೆದು ಕರೆದು ಸಾಕಾಗಿ, ಎಂಬತ್ತನಾಲ್ಕರ ಜನವರಿಯಲ್ಲಿ ಆ ತೋಟದ ಒಂದು ತುಂಡನ್ನೇ ಬಕೆಟ್ಟಿನಲ್ಲಿ ತಂದು ಇಳಿಸಿದರು. ನಾಲ್ಕಾರು ಹವಳದ ಕಲ್ಲುಗಳು. ಒಂದರ ಮೇಲೆ, ಕಂದು ಬೆರಳುಗಳನ್ನು ಆಡಿಸುತ್ತ ಹೂವಿನ ಹಾಗೆ ಅರಳಿ ಕೂತ ಒಂದು ಜೀವ. ಆ ಬೆರಳುಗಳ ನಡುವೆಯೇ ಮನೆ ಮಾಡಿಕೊಂಡ, ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು. ಪುಸ್ತಕದಲ್ಲಿ ಆ ಜೀವಕ್ಕೆ ಏನೋ ಹೆಸರಿರಬೇಕು, ನಾವೆಲ್ಲ ಹೂ ಎಂದೇ ಕರೆದೆವು.

ಮೂಸಬ್ಬನವರು ಎರಡಡಿಯ ಗಾಜಿನ ತೊಟ್ಟಿ ಮಾಡಿ, ಅಂಗಡಿಯ ಮುಂಭಾಗದಲ್ಲಿ ಬೆಳಗಿನ ಬಿಸಿಲು ಬೀಳುವಲ್ಲಿ ಇಟ್ಟರು. ಗಾಳಿ ಊದಲು ಪುಟ್ಟ ಪಂಪು, ಊಟಕ್ಕೆ ಸಿಗಡಿಯ ಚೂರು. ಮೀನಿನ ದಕ್ಕೆಯ ಬೋಟಿನವರು ಹೊರಗಿನ ಕಡಲಿನಿಂದ ಕ್ಯಾನಿನಲ್ಲಿ ನೀರು ತಂದುಕೊಡುತ್ತಿದ್ದರು. ಆ ನೀರಿನ ಪರೀಕ್ಷೆ ಮಾತ್ರ ಮೂಸಬ್ಬನವರ ಹೆಂಡತಿ ನಬೀಸಕ್ಕನದು. ಅಂಗಡಿಯ ಹಿಂದೆಯೇ ಮನೆ. ಪರದೆಯ ಸಂದಿಯಿಂದ ಒಂದು ಚಮಚ ಹೊರಗೆ ಬರುತ್ತಿತ್ತು. ಅದರಲ್ಲಿ ನೀರು ಹಾಕಿಕೊಟ್ಟರೆ ನಾಲಗೆಗೆ ಮುಟ್ಟಿಸಿ ಉಗಿದು, "ಆಗ್ತದೆ" ಅಥವಾ "ಬೇಡ" ಎನ್ನುವರು. ಪ್ರತಿ ಬೇಸಿಗೆಯಲ್ಲಿ ಭರಣಿಗಟ್ಟಲೆ ಮಾವಿನಕಾಯಿಯನ್ನು ಉಪ್ಪುನೀರಿಗೆ ಹಾಕಿ ಪಳಗಿದ ನಾಲಗೆ ಅದು. ನಾನು ನಗುತ್ತಿದ್ದೆ. ಉಪ್ಪು ಅಂದರೆ ಉಪ್ಪು, ಅದರಲ್ಲಿ ಪರೀಕ್ಷೆ ಮಾಡಲು ಏನಿದೆ?

ಎಂಬತ್ತೈದರ ಮೇ ತಿಂಗಳು. ಮಳೆಗಾಲಕ್ಕೆ ಊರಿಗೆ ಮರಳುವ ಮೊದಲು ಕೋಯ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆಯಾಡಿಸಿದರು. ಹೂ ಬೆಳೆದು ಗಾಜಿಗೆ ತಾಗುತ್ತಿತ್ತು. ತೊಟ್ಟಿಯ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಒಂದು ಮೂಲೆಯಲ್ಲಿ ನೀರು ಜಿನುಗುತ್ತಿತ್ತು. "ಮಳೆ ಮುಗಿದು ನಾನು ಬರುವಾಗ ಇದು ಇರ್ಲಿಕ್ಕಿಲ್ಲ" ಎಂದು ಹೇಳಿ ಹೊರಟುಹೋದರು.

"ನನಗೆ ಇರುವ ಕಡಲು ಇಷ್ಟೇ ಶೆಟ್ರೇ" ಎಂದರು ಮೂಸಬ್ಬನವರು ನನ್ನಲ್ಲಿ. ಅವರನ್ನು ಅಷ್ಟು ಬೇಸರದಲ್ಲಿ ನಾನು ಎಂದೂ ಕಂಡಿರಲಿಲ್ಲ. ಮರುದಿನವೇ ನಾಲ್ಕಡಿಯ ತೊಟ್ಟಿಗೆ ಗಾಜು ಕತ್ತರಿಸಿದರು. ಈ ಸಲ ಕಬ್ಬಿಣದ ಮಾತೇ ಇಲ್ಲ. ಗಲ್ಫಿನಲ್ಲಿದ್ದ ಅಳಿಯ ಅಬ್ದುಲ್ ರಹ್ಮಾನ್ ಕಳಿಸಿದ ಅಂಟಿನಿಂದ ಗಾಜಿಗೆ ಗಾಜನ್ನೇ ಕೂಡಿಸಿದರು. ಒಣಗುವವರೆಗೂ ಅದರದ್ದು ಹುಳಿ ವಾಸನೆ. "ಇದು ಮೀನಿಗಾ, ಉಪ್ಪಿನಕಾಯಿಗಾ?" ಎಂದು ಪರದೆಯ ಆಚೆಯಿಂದ ನಬೀಸಕ್ಕ ಕೇಳಿದರು.

ಅಂಟು ಒಣಗುವಷ್ಟರಲ್ಲಿ ರಮ್ಜಾನ್ ಸುರುವಾಗಿತ್ತು. ದಕ್ಕೆಯ ಬೋಟುಗಳು ಮಳೆಗಾಲಕ್ಕೆಂದು ದಡ ಏರಿದ್ದವು. ಮಳೆ ಹಿಡಿದರೆ ಹೊಳೆಗಳ ಕೆಂಪು ನೀರು ಕಡಲಿಗೆ ಇಳಿಯುತ್ತದೆ, ಮತ್ತೆ ತಿಂಗಳುಗಟ್ಟಲೆ ಒಳ್ಳೆಯ ನೀರು ಸಿಗುವುದಿಲ್ಲ. ಹತ್ತು ಕ್ಯಾನು ನೀರು ತುರ್ತಾಗಿ ಬೇಕಿತ್ತು.

"ನಾನು ತರ್ತೇನೆ ಮಾರಾಯ್ರೇ! ಸುರತ್ಕಲ್‌ನ ಬಂಡೆಯ ಹತ್ರದಿಂದ, ಕನ್ನಡಿಯಂಥ ನೀರು" ಎಂದು ಎದೆ ತಟ್ಟಿದವನು ನಾನೇ.

ರೇಮಂಡನ ಟೆಂಪೋದಲ್ಲಿ ಸುರತ್ಕಲ್ ದಾರಿಯ ಅರ್ಧದಲ್ಲಿರುವ ಕೂಳೂರು ಸೇತುವೆ ತಲುಪುವಾಗ ಹತ್ತೂವರೆ. ತಲೆ ಸುಡುವ ಬಿಸಿಲು. ಹೋಟೆಲಿನಲ್ಲಿ ಊಟದ ಹೊತ್ತು ಹತ್ತಿರ ಬರುತ್ತಿತ್ತು. ಸೇತುವೆಯ ಕೆಳಗೆ ಹೊಳೆ ಉಬ್ಬರಕ್ಕೆ ತುಂಬಿ ನಿಂತಿತ್ತು. ಇಳಿದು ಬೆರಳು ಅದ್ದಿ ನೆಕ್ಕಿದೆ. ಉಪ್ಪೇ ಇತ್ತು.

"ಶೆಟ್ರೇ, ಇದು ಹೊಳೆ ಅಲ್ವಾ?" ಎಂದ ರೇಮಂಡ್.

"ಕಡಲೇ ಇಲ್ಲಿಗೆ ಬಂದಾಗಿದೆ. ನಾವು ಎಂತಕ್ಕೆ ಅಲ್ಲಿಗೆ ಹೋಗುವುದು?" ಎಂದು ಅವನ ಬಾಯಿ ಮುಚ್ಚಿಸಿದೆ. ಹನ್ನೊಂದೂವರೆಗೆ ಬಂದರಿನಲ್ಲಿದ್ದೆ.

ಮೂಸಬ್ಬನವರು ಅಷ್ಟರಲ್ಲಿ ಹಳೆಯ ನೀರನ್ನು ಪೈಪಿನಿಂದ ಪ್ಲಾಸ್ಟಿಕ್ ಟಬ್ಬುಗಳಿಗೆ ಇಳಿಸಿ, ಕಲ್ಲುಗಳನ್ನು ಹಸುಗೂಸನ್ನು ಎತ್ತುವ ಹಾಗೆ ಎತ್ತಿಡುತ್ತಿದ್ದರು. "ಇಷ್ಟು ಬೇಗ ಬಂದ್ರಾ?" ಎಂದರು. "ರಸ್ತೆ ಖಾಲಿ ಇತ್ತು" ಎಂದೆ. ನಂಬಿದರು. ಪರೀಕ್ಷೆಯ ಚಮಚ ಅವತ್ತು ಹೊರಗೆ ಬರಲಿಲ್ಲ. ಉಪವಾಸದಲ್ಲಿ ನಾಲಗೆಗೆ ಏನನ್ನೂ ಮುಟ್ಟಿಸುವುದಿಲ್ಲ ಎಂದರು ನಬೀಸಕ್ಕ. ನಾನು ಮನಸ್ಸಿನಲ್ಲೇ ರಮ್ಜಾನಿಗೆ ಕೈಮುಗಿದೆ.

ಎರಡು ಗಂಟೆಗೆ ಹೂವೂ ಮೀನುಗಳೂ ಹೊಸ ತೊಟ್ಟಿಗೆ ಇಳಿದವು. ಮೂರಕ್ಕೆ ಹೂ ಮುದುಡಿತು. ನಾಲ್ಕಕ್ಕೆ ಅದು ಸುತ್ತಿ ಎಸೆದ ಹಳೆಯ ಕಾಲುಚೀಲದಂತಾಯಿತು. ಮೀನುಗಳೆರಡೂ ಒಂದು ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿದ್ದವು. "ಹೊಸ ಜಾಗ ಅಲ್ವಾ ಶೆಟ್ರೇ, ಸರಿ ಆಗ್ತದೆ" ಎಂದು ಮೂಸಬ್ಬನವರು ನನ್ನನ್ನು ಸಮಾಧಾನ ಮಾಡಿದರು. ಅವರು, ನನ್ನನ್ನು! ಗಲ್ಲಾದಲ್ಲಿ ಕೂತರೆ ಕೂರಲಾಗುತ್ತಿರಲಿಲ್ಲ, ಎದ್ದರೆ ಕಾಲು ಆ ಅಂಗಡಿಯ ಕಡೆಗೇ ಎಳೆಯುತ್ತಿತ್ತು.

ಸಂಜೆ ಮಸೀದಿಯಿಂದ ಬಾಂಗ್ ಕೇಳಿತು. ಖರ್ಜೂರ ತಿಂದು ನೀರು ಕುಡಿದ ನಬೀಸಕ್ಕ, ಗಂಜಿಗೂ ಕೂರದೆ, ಚಮಚ ಹಿಡಿದು ತಾವೇ ಪರದೆ ಸರಿಸಿ ತೊಟ್ಟಿಯ ಹತ್ತಿರ ಬಂದರು. ನಾಲಗೆಗೆ ಮುಟ್ಟಿಸಿದರು, ಉಗಿದರು.

"ಇದು ಕಡಲಿನದ್ದಲ್ಲ, ಹೊಳೆಯದ್ದು. ಶೆಟ್ರು ಎಲ್ಲಿಂದ ತಂದದ್ದು?"

ಸುರತ್ಕಲ್ ಎನ್ನಲು ಬಾಯಿ ತೆರೆದೆ. ಆದರೆ "ಕೂಳೂರು ಸಂಕದ ಅಡಿಯಿಂದ" ಎಂದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ನಾನಾಗಿದ್ದರೆ ಬೀದಿಯೆಲ್ಲ ಕೂಡುವ ಹಾಗೆ ಬೈಯುತ್ತಿದ್ದೆ. ಮೂಸಬ್ಬನವರು ಗಾಜಿನ ಮೇಲೆ ಅಂಗೈ ಇಟ್ಟರು. ಆಮೇಲೆ "ಆಯ್ತು, ಚಿಕ್ಕದಾಯಿತು" ಎಂದರು. ಯಾವ ಕೆಲಸಕ್ಕೂ ಒಂದು ಗಾಜು ಹೆಚ್ಚಿಗೆ ಇಟ್ಟುಕೊಳ್ಳುವ ಮನುಷ್ಯ ಹಳೆಯ ನೀರಿನಲ್ಲೂ ಒಂದು ಟಬ್ಬು ತೆಗೆದಿಟ್ಟಿದ್ದರು. ಹೂವಿನ ಕಲ್ಲನ್ನೂ ಮೀನುಗಳನ್ನೂ ಅದಕ್ಕೆ ಇಳಿಸಿ ಪಂಪಿನ ಕೊಳವೆ ಬಿಟ್ಟೆವು. ಹೊಸ ತೊಟ್ಟಿಯ ನೀರನ್ನೆಲ್ಲ ನಾನೇ ಬಕೆಟ್ಟಿನಲ್ಲಿ ಹೊತ್ತು ಚರಂಡಿಗೆ ಚೆಲ್ಲಿದೆ.

ಮರುದಿನ ಹೋಟೆಲಿನ ಬಾಗಿಲನ್ನೇ ತೆಗೆಯದೆ ಸುರತ್ಕಲ್‌ಗೆ ಹೋದೆ. ಬಂಡೆಗಳ ನಡುವೆ ಎದೆಮಟ್ಟದ ನೀರಿಗೆ ಇಳಿದು, ಮೊಣಕಾಲು ತರಚಿಕೊಂಡು, ಎರಡು ಟ್ರಿಪ್ಪಿನಲ್ಲಿ ಇಪ್ಪತ್ತನಾಲ್ಕು ಕ್ಯಾನು ತಂದೆ. ರೇಮಂಡ್ ದಾರಿಯುದ್ದಕ್ಕೂ ನಗುತ್ತಿದ್ದ. ಬಾಂಗ್ ಆಗುವವರೆಗೆ ಒಂದು ಕ್ಯಾನಿನ ಮುಚ್ಚಳವನ್ನೂ ಯಾರೂ ತೆಗೆಯಲಿಲ್ಲ. ಪರೀಕ್ಷೆಗೆ ಕೂತ ಹುಡುಗನ ಹಾಗೆ ನಾನು ಅಂಗಡಿಯ ಮೆಟ್ಟಿಲಲ್ಲಿ ಕಾದೆ. ಕೊನೆಗೆ ಚಮಚ ಹೊರಬಂತು, ಒಳಹೋಯಿತು.

"ಆಗ್ತದೆ."

ಮೂರನೆಯ ದಿನ ಧೋ ಎಂದು ಮಳೆ ಹಿಡಿಯಿತು. ಅದೇ ಬೆಳಿಗ್ಗೆ ಮೂಸಬ್ಬನವರು ನೆನೆಯುತ್ತಲೇ ಹೋಟೆಲಿಗೆ ನುಗ್ಗಿ ಗಲ್ಲಾದಿಂದ ನನ್ನ ಕೈಹಿಡಿದು ಎಳೆದುಕೊಂಡು ಹೋದರು. ಹೂ ಅರಳಿತ್ತು. ಮೀನುಗಳೆರಡೂ ಅದರೊಳಗೆ ಹೊರಳಾಡುತ್ತಿದ್ದವು. ನಾವಿಬ್ಬರು ಮುದುಕರು ಕೈ ಕೈ ಹಿಡಿದು ನಿಂತೇ ಇದ್ದೆವು. ಒಲೆಯ ಮೇಲಿನ ಸಾಂಬಾರು ಸೀದು ಹೋಯಿತು, ನಾನು ಯಾರ ಮೇಲೂ ಕೂಗಲಿಲ್ಲ.

ಉಳಿಸಿಟ್ಟ ಕ್ಯಾನುಗಳಲ್ಲೇ ಮಳೆಗಾಲ ಕಳೆಯಿತು. ಆಗಸ್ಟಿನಲ್ಲಿ ಹೂ ಎರಡು ಕಡೆಗೆ ಎಳೆದುಕೊಂಡು ನಡುವೆ ಸೀಳತೊಡಗಿದಾಗ ಮುಗಿಯಿತು ಎಂದುಕೊಂಡೆ. ವಾರದೊಳಗೆ ನೋಡಿದರೆ ಎರಡು ಹೂ!

ಅಕ್ಟೋಬರಿನಲ್ಲಿ ಕೋಯ ಬಂದರು. ಕೊಬ್ಬರಿ ಇಳಿಸುವ ಮೊದಲೇ ಅಂಗಡಿಗೆ ಬಂದು ತೊಟ್ಟಿಯ ಮುಂದೆ ಕೂತರು. ಒಂದು ಹೂ, ಎರಡು ಹೂ ಎಂದು ಬೆರಳು ತೋರಿಸಿ ಎಣಿಸಿದರು. ಆಮೇಲೆ "ನಮ್ಮ ಊರಿನ ಹಾಗೆಯೇ ಉಂಟು" ಎಂದರು. ಮೂಸಬ್ಬನವರ ಕಣ್ಣು ತುಂಬಿತು.

"ಇಂಥ ನೀರು ಎಲ್ಲಿ ಸಿಕ್ಕಿತು?" ಕೋಯ ಕೇಳಿದರು.

ಮೂಸಬ್ಬನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಶೆಟ್ರು. ಸುರತ್ಕಲ್‌ನಿಂದ ಹೊತ್ತು ತಂದದ್ದು" ಎಂದರು. ಕೂಳೂರಿನ ಸುದ್ದಿ ಎತ್ತಲೇ ಇಲ್ಲ. ನಾನು ತಲೆ ತಗ್ಗಿಸಿದೆ.

ಪರದೆಯ ಆಚೆಯಿಂದ ನಬೀಸಕ್ಕನ ಸ್ವರ ಬಂತು: "ಎರಡನೇ ಸಲ."