ದಂಡನಾಯಕರು ಬಚ್ಚಿಟ್ಟ ಬಗ್

ಬೆಳಿಗ್ಗೆ ಮಗಳ ಸ್ಕೂಲ್ ವ್ಯಾನು ಮೂಲೆ ತಿರುಗಿದ ಮೇಲೆ ದಂಡನಾಯಕರು ರಣರಂಗಕ್ಕೆ ಇಳಿಯುತ್ತಿದ್ದರು. ಸೊಂಟದ ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮೊಣಕಾಲಲ್ಲಿ ತೂತು ಬಿದ್ದ ಪೈಜಾಮ. ಸಿಂಹಾಸನವೆಂದರೆ ಊಟದ ಮೇಜಿನ ಕುರ್ಚಿ. ಅದರ ಒಂದು ಕಾಲು ಗಿಡ್ಡವಾದ್ದರಿಂದ ಅಡಿಯಲ್ಲಿ ರಟ್ಟು ಮಡಿಸಿ ಇಟ್ಟಿತ್ತು. ಬೆನ್ನ ಹಿಂದಿನ ಗೋಡೆಯಲ್ಲಿ ಕ್ಯಾಮೆರಾಕ್ಕೆ ಕಾಣುವಷ್ಟಕ್ಕೆ ಮಾತ್ರ ಬಿಳಿ ಬಣ್ಣ ಬಳಿದು, ಪಕ್ಕದಲ್ಲೊಂದು ಹೂಕುಂಡ ನಿಲ್ಲಿಸಿದ್ದರು. ಕ್ಯಾಮೆರಾಕ್ಕೆ ಕಾಣದ ಕಡೆ ಮಡಿಸದ ಬಟ್ಟೆಯ ಗುಡ್ಡ, ಅದರ ನೆತ್ತಿಯಲ್ಲಿ ಮಗಳ ಒಂಟಿ ಕಾಲುಚೀಲ.

ದಂಡನಾಯಕ ಅನ್ನುವುದು ತಂಡದವರು ಬೆನ್ನ ಹಿಂದೆ ಇಟ್ಟ ಹೆಸರು. ಹುದ್ದೆಯ ಪ್ರಕಾರ ಅವರು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ಮುಖ್ಯಸ್ಥರು. ಪ್ರೋಗ್ರಾಮರ್ ಬರೆದದ್ದು ಗಿರಾಕಿಯ ಕೈಗೆ ಹೋಗುವ ಮುಂಚೆ, ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿ ಎಲ್ಲಿ ಎಡವಟ್ಟಾಗುತ್ತದೆ ಅಂತ ನೋಡುವ ಕೆಲಸ. ಸಿಕ್ಕ ಎಡವಟ್ಟಿಗೆ ಅವರ ಭಾಷೆಯಲ್ಲಿ ಬಗ್. ಇದನ್ನು ದಂಡನಾಯಕರು ಸಮರ ಎನ್ನುತ್ತಿದ್ದರು, ಮುತ್ತಿಗೆ ಎನ್ನುತ್ತಿದ್ದರು, ಒಮ್ಮೊಮ್ಮೆ ಧರ್ಮಯುದ್ಧ ಎಂದೂ ಹೇಳಿಬಿಡುತ್ತಿದ್ದರು. ಸೈನ್ಯದ ಬಲ ಮಾತ್ರ ಮೂರು ಜನ, ಮೂವರೂ ತಂತಮ್ಮ ಮನೆಯಲ್ಲಿ.

ಒಬ್ಬನಿಗೆ ಏನು ಹೇಳಿದರೂ "ಆಯ್ತು ಸರ್." ಆಯ್ತು ಅಂದದ್ದು ಆಗುತ್ತಿತ್ತೇ ಅನ್ನುವುದು ಬೇರೆ ವಿಷಯ. ಇನ್ನೊಬ್ಬನ ನೆಟ್‌ವರ್ಕು ಎಂಥ ಬಿರುಗಾಳಿಗೂ ಜಗ್ಗುತ್ತಿರಲಿಲ್ಲ, ಆದರೆ ಅವನ ಹೆಸರು ಹಿಡಿದು ಪ್ರಶ್ನೆ ಕೇಳಿದ ಕ್ಷಣವೇ ಕಡಿದುಬೀಳುತ್ತಿತ್ತು. ಮೂರನೆಯವಳು ಮೀಟಿಂಗಿನಲ್ಲಿ ಮೈಕು ತೆರೆದದ್ದನ್ನು ಕಂಡವರಿಲ್ಲ. ಅವಳಿಗೆ ಮೌನಗೌರಿ ಎಂದು ಹೆಸರಿಟ್ಟವರು ಸ್ವತಃ ದಂಡನಾಯಕರು.

ಮನೆಯಿಂದಲೇ ಕೆಲಸ ಅನ್ನುವ ಈ ಏರ್ಪಾಡಿನ ಮೇಲೆ ದಂಡನಾಯಕರ ಮನೆ ನಿಂತಿತ್ತು. ಮಗಳು ಮಧ್ಯಾಹ್ನವೇ ಸ್ಕೂಲಿಂದ ಬರುತ್ತಾಳೆ. ಅವಳು ಹುಟ್ಟಿದಾಗ ಕೆಲಸ ಬಿಟ್ಟಿದ್ದ ಹೆಂಡತಿ, ಈಗ ತಾನೇ ರಕ್ತ ಪರೀಕ್ಷೆಯ ಲ್ಯಾಬೊಂದಕ್ಕೆ ಮತ್ತೆ ಸೇರಿದ್ದಳು. ಬಿಳಿ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಅವಳ ಮುಖದಲ್ಲಿ ಅದೆಷ್ಟೋ ವರ್ಷದಿಂದ ಕಾಣದ ಒಂದು ಗೆಲುವು. ದಂಡನಾಯಕರು ಆಫೀಸಿಗೆ ಹೋಗಬೇಕಾಗಿ ಬಂದರೆ ಆ ಕೋಟು ಮತ್ತೆ ಬೀರುವಿಗೆ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಬಾಯಿಬಿಟ್ಟು ಆಡಿದವರು ಕಂಪನಿಯ ಯಜಮಾನರು. "ನೋಡಿ, ಹೋದ ಸಲ ಎರಡು ಬಗ್ಗು ಗಿರಾಕಿ ಕೈಲಿ ಸಿಕ್ಕಿಬಿದ್ದವು. ಇನ್ನೊಂದು ಆಚೆ ಹೋಯ್ತೋ, ಎಲ್ರೂ ಗಂಟುಮೂಟೆ ಕಟ್ಕೊಂಡು ಇಲ್ಲಿಗೆ ಬನ್ನಿ. ನನ್ನ ಕಣ್ಮುಂದೆ ಕೂತು ಟೆಸ್ಟ್ ಮಾಡಿ."

ದಂಡನಾಯಕರಿಗೆ ಆವೇಶ ಬಂತು. ಟೆಸ್ಟಿಂಗನ್ನು ಬುಡಸಮೇತ ಸುಧಾರಿಸಿಬಿಡಬೇಕು. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುವ ಒಂದು ತರಬೇತಿಗೆ ಕೂತರು. ಮೊದಲರ್ಧ ನಿದ್ದೆಗೆ ಹೋಯಿತು, ಎರಡನೇ ಅರ್ಧದಲ್ಲಿ ಒಂದು ಮುತ್ತು ಸಿಕ್ಕಿತು: ಬೇಕೆಂದೇ ಒಂದು ತಪ್ಪನ್ನು ಗುಟ್ಟಾಗಿ ಸೇರಿಸಿಡಿ, ನಿಮ್ಮವರು ಅದನ್ನು ಹಿಡಿಯುತ್ತಾರೋ ಇಲ್ಲವೋ ನೋಡಿ.

ಆಗ ಕೈಯಲ್ಲಿದ್ದ ಕೆಲಸ ಲಾಂಡ್ರಿ ಅಂಗಡಿಗಳ ಆ್ಯಪು. ಗಿರಾಕಿ ಮೊಬೈಲಿನಲ್ಲಿ ಬುಕ್ ಮಾಡಿದರೆ ಹುಡುಗರು ಮನೆಗೇ ಬಂದು ಬಟ್ಟೆ ಒಯ್ದು, ಒಗೆದು, ಇಸ್ತ್ರಿ ಮಾಡಿ ತಂದುಕೊಡುತ್ತಾರೆ. ದಂಡನಾಯಕರು ಪ್ರೋಗ್ರಾಮರಿಗೆ ಫೋನ್ ಮಾಡಿ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು.

"ಒಂದು ಬಗ್ ಹಾಕ್ಬೇಕಲ್ಲಪ್ಪ."

"ಅದನ್ನ ಹೇಳಿಸ್ಕೊಂಡು ಹಾಕಿ ಅಭ್ಯಾಸ ಇಲ್ಲ ಸರ್. ತಾನಾಗೇ ಬರುತ್ತೆ."

"ತಮಾಷೆ ಬೇಡ. ಗಿರಾಕಿ ಆರ್ಡರ್ ಮಾಡ್ತಾ ಮಧ್ಯದಲ್ಲಿ, ಅಂಗಡಿಯವರ ಹತ್ರ ಮೊದ್ಲಿಂದ ಇರೋ ವಿಳಾಸ ಬದಲಾಯಿಸಿದ ಅಂತ ಇಟ್ಕೋ. ಬಟ್ಟೆ ತಗೊಂಡು ಹೋಗೋಕೆ ಹೊಸ ಮನೆಗೇ ಬರ್ಲಿ. ವಾಪಸ್ ಕೊಡೋಕೆ ಮಾತ್ರ ಹಳೇ ಮನೆಗೆ ಹೋಗ್ಲಿ."

"ಆಹಾ. ತೆಗೆಯೋದು ಯಾವಾಗ?"

"ನಾನು ಹೇಳ್ದಾಗ. ಯಾರ ಹತ್ರಾನೂ ಉಸಿರೆತ್ತಬೇಡ."

ಇಲ್ಲಿ ದಂಡನಾಯಕರ ಇನ್ನೊಂದು ಯುದ್ಧಕಲೆಯನ್ನು ಹೇಳಲೇಬೇಕು. ಸಿಕ್ಕ ಬಗ್ಗನ್ನೆಲ್ಲ ತಂಡದವರು ಕಂಪ್ಯೂಟರಿನಲ್ಲಿ ದೂರು ಎಂದು ದಾಖಲಿಸುತ್ತಿದ್ದರು. ದೂರು ನೇರ ದಂಡನಾಯಕರಿಗೆ ಬರುತ್ತಿತ್ತು. ಇತ್ಯರ್ಥವಾಗದ ದೂರು ಎಷ್ಟಿದೆ ಅನ್ನುವ ಸಂಖ್ಯೆ ಯಜಮಾನರ ಪರದೆಯ ಮೇಲೆ ಕೆಂಪಗೆ ಉರಿಯುತ್ತಿತ್ತು. ಸಂಖ್ಯೆ ಇಳಿದರೆ ಯಜಮಾನರ ರಕ್ತದೊತ್ತಡ ಇಳಿಯುತ್ತಿತ್ತು. ಅದನ್ನು ಇಳಿಸಲು ಎರಡು ದಾರಿ: ಬಗ್ ಸರಿಮಾಡಿಸುವುದು, ಇಲ್ಲವೇ "ಇದು ಹೀಗೇ ಇರಬೇಕಾದ್ದು" ಎಂದು ಬರೆದು ದೂರನ್ನೇ ಮುಚ್ಚುವುದು. ಎರಡನೆಯ ದಾರಿಯಲ್ಲಿ ಬೆವರು ಕಡಿಮೆ. ಈ ವಿದ್ಯೆಯಲ್ಲಿ ದಂಡನಾಯಕರಿಗೆ ಎಂಥ ಕೈಚಳಕವಿತ್ತೆಂದರೆ, ಒಂದು ಕೈಯಲ್ಲಿ ಹಾಲು ಕಾಯಿಸುತ್ತ ಇನ್ನೊಂದು ಕೈಯ ಹೆಬ್ಬೆರಳಲ್ಲಿ ನಾಲ್ಕಾರು ದೂರು ಮುಚ್ಚುತ್ತಿದ್ದರು. ಹಾಲೂ ಉಕ್ಕುತ್ತಿರಲಿಲ್ಲ.

ಬಚ್ಚಿಟ್ಟ ಬಗ್ಗಿನ ಖುಷಿಯಲ್ಲಿ ಅವರು ಭಾಷಣವೊಂದನ್ನು ತಯಾರು ಮಾಡತೊಡಗಿದರು. "ನನ್ನ ಕಣ್ಣಿಗೆ ಮಣ್ಣೆರಚಬಹುದು ಅಂದ್ಕೊಂಡಿರಾ?" ಎಂದು ಶುರುವಾಗುವ ಭಾಷಣ. ಪಾತ್ರೆ ಉಜ್ಜುವಾಗಲೂ ಅದೇ ತಾಲೀಮು. ಯಾರೂ ಬಗ್ ಹಿಡಿಯುವುದಿಲ್ಲ, ಶುಕ್ರವಾರ ಮೂವರ ನೀರಿಳಿಸಿ, ಬಗ್ ತೆಗೆಸಿ, ಸೋಮವಾರ ಆ್ಯಪು ಬಿಡುಗಡೆ ಮಾಡುವುದೆಂದು ಮನಸ್ಸಿನಲ್ಲೇ ಪಟ್ಟಾಭಿಷೇಕ ಮುಗಿಸಿದ್ದರು.

ಗುರುವಾರ ಊಟದ ಹೊತ್ತಿಗೆ ಯಜಮಾನರ ಫೋನು. "ಲಾಂಡ್ರಿಯವರು ಈಗಲೇ ಬೇಕು ಅಂತಿದ್ದಾರೆ. ಇವತ್ತು ಸಂಜೆ ಬಿಡೋಣ್ವಾ? ನನ್ನ ಪರದೇಲಿ ಸೊನ್ನೆ ತೋರಿಸ್ತಿದೆಯಲ್ರೀ, ಭೇಷ್!"

ಯಜಮಾನರ ಬಾಯಲ್ಲಿ ಭೇಷ್! ದಂಡನಾಯಕರ ಎದೆ ಎಷ್ಟು ಉಬ್ಬಿತೆಂದರೆ, ತಲೆಯಲ್ಲಿದ್ದ ಒಂದೇ ಒಂದು ಮುಖ್ಯ ವಿಷಯ ಪಕ್ಕಕ್ಕೆ ಸರಿದು ಅದಕ್ಕೆ ಜಾಗ ಬಿಟ್ಟಿತು. ಮಗಳು ಎದುರಿಗೆ ಕೂತು, "ಅಪ್ಪಾ, ಸಾರಲ್ಲಿ ಉಪ್ಪಿಲ್ಲ" ಅನ್ನುತ್ತಿದ್ದಳು. ಅವಳಿಗೆ ಕೈಯಲ್ಲೇ ತಡಿ ಅಂದು, ಫೋನಿಗೆ, "ನನ್ನ ಸೈನ್ಯ ಸದಾ ಸಿದ್ಧ ಸರ್, ಬಿಡಿ!" ಅಂದರು. ಸಂಜೆ ಆ್ಯಪು ಬಿಡುಗಡೆಯಾಯಿತು. ಭಾಷಣ ಮರೆತುಹೋಯಿತು. ಅದರ ಜೊತೆ ಬಗ್ಗೂ.

ಪ್ರೋಗ್ರಾಮರ್? ಅವನು ಹೇಳಿದ ಮಾತು ಮೀರುವವನಲ್ಲ. ತೆಗಿ ಅಂತ ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಲಾಂಡ್ರಿಯವರ ಫೋನು ಸುಮ್ಮನಿರಲಿಲ್ಲ. ಒಬ್ಬ ವಕೀಲರ ಕರಿಕೋಟು, ಅವರು ಖಾಲಿ ಮಾಡಿಬಂದ ಬಾಡಿಗೆ ಮನೆಯ ಬೀಗದ ಮೇಲೆ ನೇತಾಡುತ್ತಿತ್ತು. ಒಬ್ಬ ಹಾಸ್ಟೆಲ್ ವಿದ್ಯಾರ್ಥಿಯ ಸಮಸ್ತ ಒಳಉಡುಪು ಅವನು ಮುಂಚೆ ಬಾಡಿಗೆಗಿದ್ದ ಹಳೇ ಪ್ರಿನ್ಸಿಪಾಲರ ಮನೆ ಸೇರಿತ್ತು. ಹೆಂಡತಿಯೊಂದಿಗೆ ಜಗಳವಾಡಿ ಬೇರೆ ಮನೆ ಮಾಡಿದ್ದ ಒಬ್ಬನ ಅಷ್ಟೂ ಶರ್ಟು, ಗರಿಗರಿ ಇಸ್ತ್ರಿಯೊಂದಿಗೆ, ಅದೇ ಹೆಂಡತಿಯ ಕೈಗೆ ಹೋಗಿತ್ತು. ಆಕೆ ಲಾಂಡ್ರಿಗೆ ಫೋನ್ ಮಾಡಿ, "ಬೇಕಿದ್ರೆ ಅವರೇ ಬಂದು ಕೇಳ್ಲಿ" ಅಂದಿದ್ದಳು.

ಸುದ್ದಿ ದಂಡನಾಯಕರಿಗೂ ಮುಟ್ಟಿತು. ಬಗ್ ತಮ್ಮದೇ ಅನ್ನುವುದು ಈಗ ನೆನಪಾಯಿತು. ಆದರೆ ಅಂಥ ಗಳಿಗೆಯಲ್ಲೂ ಒಂದು ಸಮಾಧಾನ ಹುಡುಕಿಕೊಂಡರು: ಹಾಕಿದ್ದು ನಾನೇ ಇರಬಹುದು, ಹಿಡಿಯಬೇಕಾದವರು ಹಿಡಿಯಲಿಲ್ಲವಲ್ಲ! ವಿಳಾಸದ ಪುಟ ಟೆಸ್ಟ್ ಮಾಡಬೇಕಾದದ್ದು ಮೌನಗೌರಿ. ಅವಳಿಗೆ ಫೋನ್ ಹಚ್ಚಿದರು.

"ನನ್ನ ಕಣ್ಣಿಗೆ ಮಣ್ಣೆರಚಬಹುದು ಅಂದ್ಕೊಂಡ್ಯೇನಮ್ಮ?"

"ವಿಳಾಸದ ವಿಷ್ಯ ತಾನೇ ಸರ್?" ಮೌನಗೌರಿಯ ದನಿ ಗಂಟೆ ಬಾರಿಸಿದ ಹಾಗಿತ್ತು. "ಬುಧವಾರವೇ ದೂರು ಹಾಕಿದ್ದೆ. ಚಿತ್ರ ಸಮೇತ. ನೀವು ಮುಚ್ಚಿದ್ರಿ."

"ನಾನಾ?"

"ಹೀಗೇ ಇರಬೇಕಾದ್ದು ಅಂತ ಬರೆದಿದ್ದೀರಿ. ಇನ್ನೊಂದ್ಸಲ ಹಾಕ್ದೆ. ಅದನ್ನೂ ಮುಚ್ಚಿದ್ರಿ. ಬಟ್ಟೆ ಹಳೇ ಮನೆಗೆ ಹೋಗೋದೇ ಲಾಂಡ್ರಿಯವರ ಪದ್ಧತಿಯೇನೋ ಅಂದ್ಕೊಂಡೆ ಸರ್."

"ಮೀಟಿಂಗಲ್ಲಾದ್ರೂ ಹೇಳ್ಬಾರ್ದಿತ್ತಾ?"

"ಮೀಟಿಂಗಲ್ಲಿ ನೀವೇ ಎಲ್ರನ್ನೂ ಮ್ಯೂಟ್ ಮಾಡಿರ್ತೀರಲ್ಲ ಸರ್."

ದಂಡನಾಯಕರು ಮುಚ್ಚಿದ ದೂರುಗಳ ಪಟ್ಟಿ ತೆರೆದು ನೋಡಿದರು; ಎರಡೂ ಅಲ್ಲಿದ್ದವು. ಬುಧವಾರ ಬೆಳಿಗ್ಗೆ ಮಗಳ ಕಾಲುಚೀಲ ಹುಡುಕುತ್ತ ಹೆಬ್ಬೆರಳಾಡಿಸಿದ್ದು ಮಸುಕಾಗಿ ನೆನಪಿತ್ತು. ಏನನ್ನು ಮುಚ್ಚಿದೆ ಅನ್ನುವುದು ಮಾತ್ರ ನೆನಪಿರಲಿಲ್ಲ; ಓದಿದ್ದರಲ್ಲವೇ ನೆನಪಿರಲು.

ಅಷ್ಟರಲ್ಲಿ ಯಜಮಾನರು ಪರದೆಯ ಮೇಲೆ ಪ್ರತ್ಯಕ್ಷರಾದರು. ಮುಖ ಟೊಮೆಟೊ ಆಗಿತ್ತು. ದಂಡನಾಯಕರ ಹೆಂಡತಿ ಬಿಳಿ ಕೋಟು ತೊಟ್ಟು ಲ್ಯಾಬಿಗೆ ಹೊರಟವಳು, ಆ ದನಿ ಕೇಳಿ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಚಪ್ಪಲಿ.

"ಆ ಪುಟ ಟೆಸ್ಟ್ ಮಾಡಿದ್ದು ಆ ಮಾತಾಡದ ಹುಡುಗಿ ಅಲ್ವಾ?" ಯಜಮಾನರು ಕೇಳಿದರು. "ಒಬ್ಬಳ ಸೋಮಾರಿತನ ಅಂದ್ರೆ ಹೇಳಿ, ಅವಳನ್ನ ಇವತ್ತೇ ತೆಗೆದು ಲಾಂಡ್ರಿಯವರಿಗೆ ಮುಖ ತೋರಿಸ್ತೀನಿ. ನೀವು ಉಳಿದವರು ಮನೇಲೇ ಇರಿ. ಅವಳದ್ದಲ್ಲ, ಮನೇಲಿ ಕೂತು ಮಾಡೋ ಕೆಲ್ಸವೇ ಹೀಗೆ ಅಂದ್ರೆ ಸೋಮವಾರ ಎಲ್ರೂ ಇಲ್ಲಿರಬೇಕು. ಯಾವ್ದು?"

ದಂಡನಾಯಕರು ಬಾಗಿಲ ಕಡೆ ನೋಡಿದರು. ಹೆಂಡತಿ ಕೋಟಿನ ಮೇಲಿನ ಗುಂಡಿ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿದ್ದಳು. ಒಂದೇ ಒಂದು "ಹೌದು ಸರ್" ಸಾಕಿತ್ತು. ಆಯ್ತು ಸರ್ ಅನ್ನುವವನನ್ನು ಇಷ್ಟು ವರ್ಷ ಗೇಲಿ ಮಾಡಿದವರಿಗೆ ಆ ಮಾತಿನ ಸುಖ ಏನೆಂದು ಆಗ ತಿಳಿಯಿತು.

"ಸರ್," ಅಂದರು. ದನಿಯಲ್ಲಿ ಸಮರವೂ ಇರಲಿಲ್ಲ, ಮುತ್ತಿಗೆಯೂ ಇರಲಿಲ್ಲ. "ಆ ಹುಡುಗಿ ಹಿಡಿದಿದ್ಲು. ಎರಡು ಸಲ. ನಾನು ಓದ್ದೆ ಮುಚ್ಚಿದೆ."

"ಬಗ್ ಎಲ್ಲಿಂದ ಬಂತು ಹಾಗಾದ್ರೆ?"

"ಅದೂ... ನಾನೇ ಹಾಕ್ಸಿದ್ದು ಸರ್. ಅವ್ರು ಹಿಡೀತಾರಾ ನೋಡೋಣ ಅಂತ."

ಯಜಮಾನರ ಮುಖ ಅಲ್ಲಾಡದೆ ನಿಂತಿತು. ನೆಟ್‌ವರ್ಕ್ ಹೋಯಿತೋ ಎಂದು ದಂಡನಾಯಕರು ಆಸೆಪಟ್ಟರು. ಹೋಗಿರಲಿಲ್ಲ.

"ಅಂದ್ರೆ," ಯಜಮಾನರು ಬಿಡಿಸಿ ಬಿಡಿಸಿ ಹೇಳಿದರು, "ಹಾಕಿದ್ದು ನೀವು. ಅವಳು ಹಿಡಿದಾಗ ಮುಚ್ಚಿದ್ದು ನೀವು. ಎಲ್ಲಾ ಸರಿಯಿದೆ ಅಂತ ಬಿಡುಗಡೆ ಮಾಡ್ಸಿದ್ದು ನೀವು. ಇಡೀ ಕಂಪನಿ ಕೆಲ್ಸ ಒಬ್ರೇ ಮಾಡಿದ್ದೀರಲ್ರೀ, ಉಳಿದವ್ರೆಲ್ಲ ಯಾಕೆ ಬೇಕು ನಂಗೆ?"

ದಂಡನಾಯಕರು ಪೈಜಾಮದ ತೂತಿನೊಳಗೆ ಬೆರಳಿಟ್ಟುಕೊಂಡು ಕೂತಿದ್ದರು.

"ಸೋಮವಾರದಿಂದ ಆ ಹುಡುಗಿ ಮುಖ್ಯಸ್ಥೆ. ನೀವು ಅವಳ ಕೆಳಗೆ ಗುಂಡಿ ಒತ್ತಿ."

"ಆಫೀಸಿಗೆ... ಬರ್ಬೇಕಾ ಸರ್?"

"ನೀವಾ? ಬೇಡಪ್ಪಾ! ಇನ್ನೂ ಸ್ವಲ್ಪ ದೂರದ ಮನೆ ಸಿಕ್ಕಿದ್ರೆ ನೋಡಿ."

ಪರದೆ ಕಪ್ಪಾಯಿತು. ಬಾಗಿಲಲ್ಲಿ ಹೆಂಡತಿ ಸೆರಗು ಬಾಯಿಗೊತ್ತಿ ನಗು ತಡೆಯುತ್ತಿದ್ದಳು, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

"ರೀ, ನಮ್ಮ ಲ್ಯಾಬಲ್ಲಿ ಓದ್ದೆ ಬರೆದ್ರೆ ಮನುಷ್ಯ ಸಾಯ್ತಾನೆ. ನಿಮ್ಮಲ್ಲಿ ಬರೀ ಶರ್ಟು ಹೋಯ್ತು, ಬಿಡಿ," ಅಂದು ಗುಂಡಿ ಹಾಕಿಕೊಂಡು ಹೊರಟಳು.

ಸೋಮವಾರದ ಮೀಟಿಂಗಿನಲ್ಲಿ ಮೌನಗೌರಿ ಮೊದಲು ಎಲ್ಲರ ಮೈಕು ತೆರೆಸಿದಳು. ಆಮೇಲೆ ಅವಳ ಬಾಯಿ ನಿಲ್ಲಲೇ ಇಲ್ಲ. ದೂರು ಹಾಕಿದವರು ಒಪ್ಪದೆ ಯಾರೂ ಅದನ್ನು ಮುಚ್ಚುವಂತಿಲ್ಲ. ಬಿಡುಗಡೆಗೆ ಮುಂಚೆ ಒಬ್ಬರ ಪುಟವನ್ನು ಇನ್ನೊಬ್ಬರು ಕೆಡಿಸಲು ನೋಡಬೇಕು. ಕೆಂಪು ಸಂಖ್ಯೆ ಎಷ್ಟಾದರೂ ಏರಲಿ, ಯಜಮಾನರ ರಕ್ತದೊತ್ತಡಕ್ಕೆ ಮಾತ್ರೆ ಇದೆ. ಆಯ್ತು ಸರ್ ಅನ್ನುವವನು ಅಭ್ಯಾಸಬಲದಿಂದ "ಆಯ್ತು ಸರ್" ಅಂದು, ನಾಲಿಗೆ ಕಚ್ಚಿಕೊಂಡು, "ಮೇಡಂ" ಸೇರಿಸಿದ. ನೆಟ್‌ವರ್ಕಿನವನ ಹೆಸರು ಕರೆದಾಗ ಎಂದಿನಂತೆ ಸಂಪರ್ಕ ಕಡಿಯಿತು. ಮೌನಗೌರಿ ಅವನ ಮನೆಯ ಇನ್ನೊಂದು ಫೋನಿಗೆ ಕರೆ ಮಾಡಿ, ಅವನಮ್ಮನ ಕೈಯಿಂದ ಅವನನ್ನು ಎಬ್ಬಿಸಿ ತಂದಳು.

ಅಷ್ಟರಲ್ಲಿ ದಂಡನಾಯಕರ ಹೆಂಡತಿ ಲ್ಯಾಬಿನಿಂದ ಫೋನ್ ಮಾಡಿದಳು.

"ಮಗು ಬಂತಾ? ಊಟ ಮಾಡಿದ್ಲಾ?"

"ಬಂದ್ಲು, ತಿಂತಿದ್ದಾಳೆ. ನಾನು ಮೀಟಿಂಗಲ್ಲಿದ್ದೀನಿ ಕಣೇ."

"ಯಾರು ಮಾತಾಡ್ತಿರೋದು?"

"ಮೇಡಂ."

"ಮತ್ತೆ ನನ್ನ ಜೊತೆ ಏನು ಹರಟೆ? ಇಡಿ ಫೋನು, ಗಮನ ಇಟ್ಟು ಕೇಳಿ," ಅಂದವಳೇ ತಾನೇ ಇಟ್ಟುಬಿಟ್ಟಳು. ಅವಳಿಗೂ ಮೇಜಿನ ಮೇಲೆ ಕೆಲಸವಿತ್ತು.