ಬೆಳಗ್ಗೆ ಉರಿಯದ ಒಲೆ

ಗದ್ವಾಲದ ನಮ್ಮ ಮನೆಗೆ ಕರೆಂಟಿನ ಒಲೆ ಬಂದದ್ದು ನನ್ನ ದಮ್ಮಿನ ಸಲುವಾಗಿ, ಷೋಕಿಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓಣಿಯವರು ಬೇರೆ ಥರ ಹೇಳಿಕೊಂಡು ತಿರುಗಿದರು. ನಿಜಾಮರ ಕಾಲವದು. ಊರಿನ ಕೆಲವು ಓಣಿಗಳಿಗೆ ಮಾತ್ರ ತಂತಿ ಎಳೆದಿದ್ದರು, ನಮ್ಮದು ಅವುಗಳಲ್ಲಿ ಒಂದು. ಜನ ಕರೆಂಟಿನಿಂದ ದೀಪ ಹಚ್ಚಿಕೊಂಡು ಸುಮ್ಮನಿದ್ದರು. ಅದರ ಮೇಲೆ ರೊಟ್ಟಿ ಬೇಯಿಸಬಹುದು ಅಂದಾಗ ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದಳು.

ನಾನು ಮಕ್ತಲದವಳು, ಮದುವೆಯಾಗಿ ಕೃಷ್ಣೆ ದಾಟಿ ಬಂದೆ. ತವರಿನಲ್ಲಿ ಅಡಿಗೆಯೆಲ್ಲ ಹಿತ್ತಲ ಚಪ್ಪರದಲ್ಲಿ. ಹೊಗೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಗಂಡನ ಮನೆಯದು ಮಣ್ಣಿನ ಮಾಳಿಗೆ, ಅಡಿಗೆಮನೆಗೆ ಕಿಟಕಿಯಿಲ್ಲ, ಮೇಲೊಂದು ಬೆಳಕಿಂಡಿ. ಮಳೆಗಾಲ ಬಂತೆಂದರೆ ಅದನ್ನೂ ಕಲ್ಲಿನಿಂದ ಮುಚ್ಚಬೇಕು. ಒಳಗೆ ತೊಯ್ದ ಕುಳ್ಳು, ಹಸಿ ಹತ್ತಿಕಟ್ಟಿಗೆ. ಊದುಗೊಳವೆ ಬಾಯಿಗಿಟ್ಟು ಊದಿದಷ್ಟೂ ಹೊಗೆಯೇ ಹೆಚ್ಚು. ಮೊದಲ ವರ್ಷ ಕೆಮ್ಮಿದೆ. ಎರಡನೆಯ ಮಳೆಗಾಲಕ್ಕೆ ಉಸಿರು ಕಟ್ಟಿ ಗೋಡೆ ಹಿಡಿದು ಕೂರುವಂತಾಯಿತು.

ಮನೆಯಲ್ಲಿದ್ದವರು ಮೂರೇ ಜನ. ಯಜಮಾನರು ನಾರಾಯಣಪೇಟೆಯ ನೇಕಾರರಿಂದ ಸೀರೆ ತಂದು ಗದ್ವಾಲದ ಅಂಗಡಿಯಲ್ಲಿ ಮಾರುತ್ತಿದ್ದರು. ಅತ್ತೆಗೆ ವಯಸ್ಸಾಗಿತ್ತು. ಬೆಳಗ್ಗೆ ಎದ್ದರೆ ಸ್ನಾನ, ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ. ಬಿಸಿ ಅಡಿಗೆಯನ್ನು ಲಿಂಗಕ್ಕೆ ತೋರಿಸದೆ ತುತ್ತು ಎತ್ತುತ್ತಿರಲಿಲ್ಲ. ಆ ಅಡಿಗೆಗೂ ಒಂದು ಕಟ್ಟುನಿಟ್ಟು ಇತ್ತು. ದಿನಾ ನಸುಕಿನಲ್ಲಿ ಒಲೆಯನ್ನು ಕೆಮ್ಮಣ್ಣಿನಿಂದ ಸಾರಿಸಬೇಕು, ಮೂರು ಬೆರಳಿನಿಂದ ವಿಭೂತಿ ಎಳೆಯಬೇಕು, ಆಮೇಲೆಯೇ ಉರಿ ಹಚ್ಚಬೇಕು. ಸಾರಿಸದ ಒಲೆಯದು ಲಿಂಗಕ್ಕೆ ಸಲ್ಲದು, ಲಿಂಗಕ್ಕೆ ಸಲ್ಲದ್ದು ಅವರಿಗೂ ಸಲ್ಲದು.

ಆ ವರ್ಷ ಆಷಾಢದಲ್ಲಿ ನನಗೆ ಉಸಿರು ಕಟ್ಟಿ ತುಟಿ ನೀಲಿಯಾಯಿತಂತೆ. ಹಕೀಮರು ಬಂದು ನಾಡಿ ನೋಡಿ, ಹೊಗೆ ಬಿಡದಿದ್ದರೆ ಯಾವ ಔಷಧಿಯೂ ನಾಟುವುದಿಲ್ಲ ಅಂದರು. ಅವರು ಹೋದ ಮೇಲೆ ಅತ್ತೆ ಮಗನಿಗೆ ಹೇಳಿದ್ದು ಒಳಗೆ ಮಲಗಿದ್ದ ನನಗೆ ಕೇಳಿಸಿತು.

"ಹೊಳಿ ಇಳೀಲಿ. ಮಕ್ತಲಕ್ಕ ಹೇಳಿ ಕಳಸು, ಅವರಣ್ಣ ಬಂದು ಕರಕೊಂಡು ಹೋಗಲಿ. ಆರಾಮ ಆದಮ್ಯಾಲ ನೋಡೂಣು."

ಮಾತು ತಪ್ಪಲ್ಲ. ಆದರೆ ಕೇಳಿದ ನಾನು ಹೊದಿಕೆ ಸರಿಸಿ ಎದ್ದು ಕೂತೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ತವರಿನಲ್ಲಿ ಅಪ್ಪ ಅಮ್ಮ ಇರಲಿಲ್ಲ, ಇದ್ದದ್ದು ಅಣ್ಣ, ಅತ್ತಿಗೆ, ಮತ್ತು ಅತ್ತಿಗೆಯ ಮುಖ. ಇನ್ನು ಗಂಡನ ಮನೆಯಲ್ಲಿ ರೋಗಿಷ್ಠ ಸೊಸೆಯ ಜಾಗ ಬಹಳ ದಿನ ಖಾಲಿ ಇರುವುದಿಲ್ಲ. ನಮ್ಮ ಓಣಿಯಲ್ಲಿಯೇ ಹಾಗೆ ಹೋದ ಒಬ್ಬಾಕೆಯ ಅಡಿಗೆಮನೆಯಲ್ಲಿ ಈಗ ಇನ್ನೊಬ್ಬಾಕೆ ಒಗ್ಗರಣೆ ಹಾಕುತ್ತಿದ್ದಳು. ಮಕ್ತಲದ ಕಡೆಗೆ ರೈಲಿರಲಿಲ್ಲ, ಕೃಷ್ಣೆ ತುಂಬಿ ಹರಿಯುತ್ತಿತ್ತು, ಹರಿಗೋಲು ಹಾಕುವ ಹಾಗಿರಲಿಲ್ಲ, ಅಷ್ಟೇ ನನಗಿದ್ದ ಪುಣ್ಯ. ನೀರು ಇಳಿಯುವುದರೊಳಗೆ ಏನಾದರೂ ಆಗಬೇಕಿತ್ತು.

ಆದದ್ದು ಒಲೆ. ಯಜಮಾನರು ಹೈದರಾಬಾದಿಗೆ ಸೀರೆ ಕೊಡಲು ಹೋದವರು ರೈಲಿನಲ್ಲಿ ಒಂದು ಪೆಟ್ಟಿಗೆ ತಂದರು. ಕಬ್ಬಿಣದ ಗುಂಡು ಡಬ್ಬಿ, ಒಳಗೆ ಬಿಳಿ ಮಣ್ಣಿನ ತಟ್ಟೆ, ತಟ್ಟೆಯ ಗೆರೆಗಳಲ್ಲಿ ಸುತ್ತಿದ ತಂತಿ, ಮೇಲೆ ಹೆಂಚು ಇಡಲು ಜಾಳಿಗೆ. ಗುಂಡಿ ಒತ್ತಿದರೆ ತಂತಿ ಕೆಂಪಗಾಗುತ್ತದೆ, ಹೊಗೆಯಿಲ್ಲ. ಹಳೆಯ ಒಲೆಯ ಪಕ್ಕದ ಕಟ್ಟೆಯ ಮೇಲೆ ಅದನ್ನು ಕೂರಿಸಿದರು. ಮೊದಲ ಸಂಜೆ ಅನ್ನ, ಬೇಳೆ ಎರಡೂ ಆದವು. ನಾನು ಅದರ ಮುಂದೆ ಕೂತು ಸುಮ್ಮನೆ ಉಸಿರಾಡಿದೆ. ಮೂಗಿನಿಂದ ಹೊಟ್ಟೆಯವರೆಗೆ ಗಾಳಿ ಸಲೀಸಾಗಿ ಹೋಗುವ ಸುಖ ದಮ್ಮಿನವರಿಗೇ ಗೊತ್ತು.

ಮರುದಿನ ಬೆಳಗ್ಗೆ ಗುಂಡಿ ಒತ್ತಿದೆ. ಹೊರಗಿನ ಪಡಸಾಲೆಯಲ್ಲಿ ಟಪ್ ಅಂತ ಸದ್ದು, ಮನೆಯ ದೀಪಗಳೆಲ್ಲ ಹೋದವು. ಈಗಿನ ಮನೆಗಳಲ್ಲಿ ಗುಂಡಿ ತಾನೇ ಕೆಳಗೆ ಬೀಳುತ್ತದೆ, ಮೊಮ್ಮಗಳು ಟ್ರಿಪ್ ಆಯಿತು ಅನ್ನುತ್ತಾಳೆ, ಬೆರಳಿನಿಂದ ಎತ್ತುತ್ತಾಳೆ. ಆಗ ಪಿಂಗಾಣಿಯ ಫ್ಯೂಜು, ಅದರೊಳಗೆ ಕೂದಲೆಳೆಯ ತಂತಿ. ಅದು ಸುಟ್ಟರೆ ಯಜಮಾನರು ಸ್ಟೂಲು ಹತ್ತಿ ಹೊಸದು ಕಟ್ಟಬೇಕು. ಕಟ್ಟಿದರು, ಮತ್ತೆ ಒತ್ತಿದೆ, ಮತ್ತೆ ಟಪ್. ಅಂಗಡಿಗೆ ಹೊತ್ತಾಯಿತೆಂದು ಅವರು ಹೋದರು. ನಾನು ಹಳೆಯ ಒಲೆ ಊದಿ ಕೆಮ್ಮಿದೆ.

ಸಂಜೆ ಅವರು ಬಂದು ಒತ್ತಿದರೆ ಒಲೆ ಒಳ್ಳೇ ಮಗುವಿನ ಹಾಗೆ ಉರಿಯಿತು. ಮರುದಿನ ಬೆಳಗ್ಗೆ ಮತ್ತೆ ಅದೇ ಹಾಡು. ಹೀಗೇ ನಡೆಯಿತು. ಸಂಜೆ ಉರಿಯುತ್ತದೆ, ಬೆಳಗ್ಗೆ ಫ್ಯೂಜು ಹೋಗುತ್ತದೆ.

"ಗಣಮಗ ಮುಟ್ಟಿದ್ರ ಉರೀತೈತಿ, ಹೆಣಮಗಳು ಮುಟ್ಟಿದ್ರ ಆರತೈತಿ," ಅಂದರು ಅತ್ತೆ. "ಮೂಗಿಗಿಂತ ಮೂಗುತಿ ಭಾರ ಆತು."

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ಹಂಗಾರ ನಿಮ್ಮ ಮಗನೇ ಮುಂಜಾನಿ ರೊಟ್ಟಿ ಬಡೀಲಿ ಬಿಡ್ರಿ," ಅಂದೆ. ಅತ್ತೆ ಮುಖ ತಿರುಗಿಸಿದರು. ಯಜಮಾನರು ಅಂಗಡಿಗೆ ಬೇಗ ಹೋದರು.

ಆದರೂ ಅವರು ಪ್ರಯತ್ನ ಬಿಡಲಿಲ್ಲ. ಫ್ಯೂಜಿನ ತಂತಿ ಸಣ್ಣದಾಯಿತೆಂದು ದಪ್ಪದು ಕಟ್ಟಿದರು. ದಪ್ಪದೂ ಸುಟ್ಟಿತು, ಸದ್ದು ಮಾತ್ರ ಜೋರಾಯಿತು. ದೀಪಗಳ ಭಾರ ಅಂತ ಎಲ್ಲ ದೀಪ ಆರಿಸಿ ಕತ್ತಲಲ್ಲಿ ಒತ್ತಿ ನೋಡಿದೆವು. ಹಿಟ್ಟಿನ ಗಿರಣಿ ಶುರುವಾಗುವ ಹೊತ್ತಿಗೆ ಕರೆಂಟು ಏರುಪೇರಾಗುತ್ತದೆ ಅಂತ ಯಾರೋ ಹೇಳಿದರು. ಗಿರಣಿಯವರು ಬೀಗರ ಮದುವೆಗೆ ಹೋಗಿ ಬಾಗಿಲು ಹಾಕಿದ ದಿನವೂ ನಮ್ಮ ಫ್ಯೂಜು ಹೋಯಿತು. ಸಂಜೆ ಒಲೆಯನ್ನು ತಿರುವಿ ಹಾಕಿ ನೋಡಿದರು. ಅಡಿಯಲ್ಲಿ ಸ್ವಲ್ಪ ಕೆಂಪು ಧೂಳಿತ್ತು, ಉಫ್ ಎಂದು ಊದಿ ಮತ್ತೆ ಇಟ್ಟರು.

ಕೊನೆಗೆ ಕರೆಂಟಿನ ಮಿಸ್ತ್ರಿಯನ್ನು ಕರೆಸಿದರು. ಅವನು ಒಂದು ಸಂಜೆ ಕೂತು ನಾನು ರೊಟ್ಟಿ ಮಾಡುವುದನ್ನು ನೋಡಿದ. ಜೋಳದ ರೊಟ್ಟಿಯನ್ನು ಹೆಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಅವನು ಅದನ್ನೇ ಹಿಡಿದುಕೊಂಡ.

"ಪಾನೀ ಅಮ್ಮಾ, ಪಾನೀ! ನೀರು ತಂತಿ ಮ್ಯಾಲ ಬೀಳ್ತೈತಿ. ರೊಟ್ಟಿ ಬಂದ್ ಮಾಡ್ರಿ, ಬರೇ ಅನ್ನ ಮಾಡ್ರಿ."

ಜೋಳದ ಸೀಮೆಯಲ್ಲಿ ರೊಟ್ಟಿ ಬಂದ್ ಮಾಡು ಅನ್ನುವವನಿಗೆ ಏನು ಹೇಳುವುದು? "ಭಾಯೀ, ಮುಂಜಾನಿ ಗುಂಡಿ ಒತ್ತಿದ ಕೂಡ್ಲೇ ಫ್ಯೂಜು ಹೋಗ್ತೈತಿ," ಅಂದೆ. "ಅಷ್ಟೊತ್ತಿಗೆ ಹಿಟ್ಟು ಇನ್ನಾ ಡಬ್ಬ್ಯಾಗ ಇರತೈತಿ. ನೀರು ಎಲ್ಲಿಂದ ಬೀಳಬೇಕು?" ಅವನು ಚಹಾ ಕುಡಿದು ಹೋದ.

ಅಷ್ಟರಲ್ಲಿ ಶ್ರಾವಣ ಅರ್ಧ ಕಳೆದಿತ್ತು. ಮಳೆ ಕಡಿಮೆಯಾಯಿತು. ಹೊಳೆಯ ಕಡೆಯಿಂದ ಬಂದವರು ನೀರು ಇಳಿಯುತ್ತಿದೆ ಅಂದರು. ಎಲ್ಲರಿಗೂ ಸಂತೋಷದ ಸುದ್ದಿ, ನನಗಲ್ಲ.

ಒಂದು ಸೋಮವಾರ ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಹಿಂದಿನ ದಿನದ ಹೊಗೆಗೆ ದಮ್ಮು ಏರಿ ನಿದ್ದೆ ಬಂದಿರಲಿಲ್ಲ. ಶ್ರಾವಣ ಸೋಮವಾರ ಅತ್ತೆಗೆ ಸಂಜೆಯವರೆಗೆ ಉಪವಾಸ, ಅಡಿಗೆಮನೆಯತ್ತ ಬರುತ್ತಿರಲಿಲ್ಲ. ಯಜಮಾನರು ಸೀರೆಯ ವಸೂಲಿಗೆಂದು ಹೊರಗೂರಿಗೆ ಹೊರಟು ಬುತ್ತಿಗಾಗಿ ನಿಂತಿದ್ದರು. ಅವಸರಕ್ಕೆ ಒಲೆ ಸಾರಿಸದೆಯೇ ಗುಂಡಿ ಒತ್ತಿದೆ. ಟಪ್ ಅನ್ನಲಿಲ್ಲ. ತಂತಿ ಕೆಂಪಾಯಿತು. ರೊಟ್ಟಿ ಬಡಿದು, ನೀರು ಸವರಿ, ಉಬ್ಬಿಸಿ ಬುತ್ತಿ ಕಟ್ಟಿ ಕಳಿಸಿದೆ. ಅತ್ತೆಗೆಂದು ಸಂಜೆ ಹಳೆಯ ಒಲೆಯನ್ನು ಸಾರಿಸಿ ಬೇರೆ ಅಡಿಗೆ ಮಾಡಿದೆ.

ಮರುದಿನ ಎಂದಿನಂತೆ ಸಾರಿಸಿದೆ. ಎಂದಿನಂತೆ ಟಪ್. ಆಗ ಪ್ಲಗ್ಗು ಕಿತ್ತು, ಒಲೆಯನ್ನು ಎತ್ತಿಕೊಂಡು ಹಿತ್ತಲ ಬೆಳಕಿಗೆ ಹೋಗಿ ತಿರುವಿ ನೋಡಿದೆ. ಅಡಿಯಲ್ಲಿ ಎರಡು ತಿರುಪು, ಕರೆಂಟಿನ ತಂತಿಯ ಎರಡು ತುದಿ ಬಂದು ಸೇರುವ ಜಾಗ. ಎರಡರ ನಡುವೆ ನನ್ನ ಕೆಮ್ಮಣ್ಣು ಹಸಿಹಸಿಯಾಗಿ ತುಂಬಿ ಕೂತಿತ್ತು. ಸುರುಳಿಗೆ ತಾಗದಂತೆ ಎಷ್ಟು ಜೋಪಾನವಾಗಿ ಡಬ್ಬಿ, ಕಾಲು, ಅಡಿ ಎಲ್ಲ ಸವರುತ್ತಿದ್ದೆ! ಸಂಜೆಯ ಹೊತ್ತಿಗೆ ಅದು ಒಣಗಿ ಧೂಳಾಗುತ್ತಿತ್ತು, ಒಲೆ ಉರಿಯುತ್ತಿತ್ತು. ಹೊಸ ಒಲೆಯಲ್ಲವೇ ಎಂದು ಹಳೆಯದಕ್ಕಿಂತ ಒಂದು ಕೈ ಹೆಚ್ಚೇ ಸಾರಿಸಿದ್ದೆ.

ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಹೆದರಿಕೆಯಾಯಿತು. ಸಾರಿಸಿದರೆ ಉರಿಯುವುದಿಲ್ಲ, ಸಾರಿಸದಿದ್ದರೆ ಅತ್ತೆ ಉಣ್ಣುವುದಿಲ್ಲ. ಅತ್ತೆ ಉಣ್ಣದ ಒಲೆಯನ್ನು ಆ ಮನೆಯಲ್ಲಿ ಇಟ್ಟುಕೊಂಡು ಮಾಡುವುದೇನು?

ಊರಿನಿಂದ ಮರಳಿದ ಯಜಮಾನರಿಗೆ ತೋರಿಸಿದೆ. ಅವರು ನಕ್ಕುಬಿಟ್ಟರು. "ಸಾರಿಸಬ್ಯಾಡ, ಅಷ್ಟ. ಅವ್ವಗ ಹೇಳಬ್ಯಾಡ."

ಹೇಳಬೇಡ ಅನ್ನುವುದು ಅವರಿಗೆ ಸುಲಭ, ಬಡಿಸುವವಳು ನಾನು. ಆದರೂ ಬುಧವಾರ ಬೆಳಗ್ಗೆ ಹಾಗೇ ಮಾಡಿದೆ. ಒಲೆ ಉರಿಯಿತು, ಅಡಿಗೆಮನೆಯಲ್ಲಿ ಹೊಗೆಯಿಲ್ಲ, ರೊಟ್ಟಿ ಉಬ್ಬಿದವು, ಬದನೆಕಾಯಿ ಪಲ್ಯ ಘಮಘಮಿಸಿತು. ಅತ್ತೆ ಪೂಜೆ ಮುಗಿಸಿ ಬಂದು ಮಣೆಯ ಮೇಲೆ ಕೂತರು. ಎಡಗೈಯಲ್ಲಿ ಲಿಂಗ. ತಟ್ಟೆಯನ್ನು ಮುಂದಿಟ್ಟೆ. ಅವರು ಕಣ್ಣು ಮುಚ್ಚಿ ತಟ್ಟೆಯ ಕಡೆಗೆ ಕೈ ಚಾಚಿದರು.

ನನ್ನಿಂದ ಆಗಲಿಲ್ಲ.

"ಅತ್ತೀ, ತಡೀರಿ. ಒಲಿ ಸಾರಿಸಿಲ್ರೀ."

ಅತ್ತೆ ಕಣ್ಣು ತೆರೆದರು. "ಮರತಿ?"

"ಮರತಿಲ್ರೀ. ಸಾರಿಸಿದ್ಕ ಫ್ಯೂಜು ಹೋಗ್ತಿತ್ತು. ಹಸಿ ಮಣ್ಣು ಅಡ್ಯಾಗ ಹೋಗಿ ಕೂಡ್ತೈತಿ. ಇವತ್ತ ಸಾರಿಸಿಲ್ಲ, ಉರದೈತಿ."

ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಲ್ಲಿದ್ದ ಕರಡಿಗೆಯಲ್ಲಿಟ್ಟು ಮುಚ್ಚಿದರು. ಗೋಡೆ ಹಿಡಿದು ಎದ್ದು ಹಿತ್ತಲಿಗೆ ಹೋದರು. ಮುಗಿಯಿತು ಅಂದುಕೊಂಡೆ. ಹೊಗೆಯಿಲ್ಲದ ಆ ಅಡಿಗೆಮನೆಯಲ್ಲಿಯೂ ನನಗೆ ಉಸಿರು ಕಟ್ಟಿತು. ಯಾವ ಸೀರೆಗಳನ್ನು ಗಂಟು ಕಟ್ಟಬೇಕು, ಅತ್ತಿಗೆಯ ಮುಂದೆ ಮೊದಲ ಮಾತು ಏನು ಆಡಬೇಕು ಅಂತೆಲ್ಲ ಯೋಚನೆ ಬಂತು.

ಅತ್ತೆ ಮರಳಿದಾಗ ಕೈಯಲ್ಲಿ ಕೆಮ್ಮಣ್ಣಿನ ಬೋಗುಣಿ ಇತ್ತು.

"ಎತ್ತು ಅದನ್ನ," ಅಂದರು.

ಪ್ಲಗ್ಗು ಕಿತ್ತು, ಬಟ್ಟೆ ಹಿಡಿದು ಬಿಸಿ ಒಲೆಯನ್ನು ಎತ್ತಿಕೊಂಡು ನಿಂತೆ. ಅವರು ನೋಯುವ ಮೊಣಕಾಲು ಮಡಚಿ ಕೂತು, ಒಲೆಯಿದ್ದ ಕಟ್ಟೆಯನ್ನು ನಿಧಾನವಾಗಿ ಸಾರಿಸಿದರು. ಸೆರಗಿನಿಂದ ಗಾಳಿ ಹಾಕಿ ಆರಿಸಿದರು. ಮೂರು ಬೆರಳಿನಿಂದ ವಿಭೂತಿ ಎಳೆದರು.

"ಇಷ್ಟು ದಿನ ಡಬ್ಬಿ ಸಾರಿಸೀದಿ, ಹುಚ್ಚಿ. ಮಣ್ಣಿನ ಒಲಿ ಒಡದ್ರ ಹೊಸಾದು ಹೂಡತಿದ್ದಿವಿ. ನೆಲಾ ಏನು ಬದಲಿ ಮಾಡತಿದ್ದಿವೇನು? ಸಾರಿಸೂದು ನೆಲಕ್ಕ. ಇಡು ಈಗ. ಆ ರೊಟ್ಟಿ ಪಲ್ಯ ಆಕಳಿಗೆ ಹಾಕಿ ಬ್ಯಾರೆ ಮಾಡು."

ನನಗೆ ಸಿಟ್ಟು ಬಂತು. ಆಷಾಢದಿಂದ ಎದೆ ಒಡೆದುಕೊಂಡು ಒದ್ದಾಡಿದ್ದೇನೆ, ಇವರಿಗೆ ಇದು ಇಷ್ಟು ಸಲೀಸೇ! ಆ ಸಿಟ್ಟಿನ ಹಿಂದೆಯೇ ಅವರ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಎರಡನ್ನೂ ನುಂಗಿಕೊಂಡು ಹಿಟ್ಟು ನಾದಿದೆ.

ಒಲೆ ಉರಿಯಿತು. ಅತ್ತೆ ಮೊದಲ ರೊಟ್ಟಿಯನ್ನು ಲಿಂಗಕ್ಕೆ ತೋರಿಸಿ, ಮುರಿದು, ಉಳಿದ ಹಲ್ಲುಗಳಿಂದ ಅಗಿಯತೊಡಗಿದರು. ನಾನು ಎರಡನೆಯದಕ್ಕೆ ನೀರು ಸವರುತ್ತ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ.

"ಹೊಳಿ ಇಳದೈತಂತ," ಅಂದರು. "ನಿಮ್ಮಣ್ಣ ಬಂದ್ರ ಹೊಟ್ಟಿತುಂಬ ಉಣ್ಣಾಕ ಹಾಕು. ಉಂಡು ಒಬ್ಬಾತನೇ ಹೋಗಲಿ."