ದುಬೈ ಚಾಕಲೇಟು ತಿಂದ ನಾಯಿ

ಕಾಪುವಿನಲ್ಲಿ ಆಗ ಗಲ್ಫಿನಿಂದ ಯಾರೇ ಊರಿಗೆ ಬಂದರೂ ನೆರೆಮನೆಗಳಿಗೆ ಚಾಕಲೇಟು ಹಂಚುತ್ತಿದ್ದರು. ಎಂಬತ್ತರ ದಶಕದ ಒಂದು ಮಧ್ಯಾಹ್ನ ಪಕ್ಕದ ಬ್ಯಾರಿ ಮುಸ್ಲಿಮರ ಮನೆಯ ಅಕ್ಕ, ಗಂಡ ದುಬೈಯಿಂದ ತಂದ ಡಬ್ಬಿಯೊಂದನ್ನು ನಮ್ಮ ಜಗಲಿಯಲ್ಲಿಟ್ಟು ಹೋದರು. ನಾನು ಒಳಗೆ ಕನ್ನಡಿಯ ಮುಂದೆ ನಿಂತು ದನದ ಡಾಕ್ಟರರ ಮೂಗಿನ ಸ್ವರ ಅಭ್ಯಾಸ ಮಾಡುತ್ತಿದ್ದೆ. ಊರಿನಲ್ಲಿ ನಾನು ಅಣಕಿಸದವರಿರಲಿಲ್ಲ. ನನ್ನನ್ನು ಅಣಕಿಸುವುದೂ ಸುಲಭ. ಉಬ್ಬುಹಲ್ಲು ತೋರಿಸಿ ಸುಮ್ಮನೆ ನಕ್ಕರಾಯಿತು.

ಹೊರಗೆ ಬಂದರೆ ಡಬ್ಬಿ ಖಾಲಿ. ನಮ್ಮ ಕರಿನಾಯಿಯ ಮೂತಿಗೆ ಬಂಗಾರದ ಬಣ್ಣದ ಕಾಗದ ಅಂಟಿತ್ತು.

"ನಾಯಿಗೆ ಚಾಕಲೇಟು ವಿಷವಂತೆ, ವಾಂತಿಯಾಗಲಿ, ಉಪ್ಪುನೀರು ಕುಡಿಸು" ಎಂದರು ಅಮ್ಮ. ನಾಯಿ ಬಾಯಿಯೇ ಬಿಡಲಿಲ್ಲ. ಅಕ್ಕ ಗೋಡೆಯಾಚೆಯಿಂದ, "ಅಯ್ಯೋ, ನಾನು ಕೊಟ್ಟದ್ದು ತಿಂದು ಅದಕ್ಕೆ ಎಂತಾದರೂ ಆದರೆ?" ಎಂದು ಅಳತೊಡಗಿದರು.

ಫೋನಿದ್ದ ಅಕ್ಕಿ ಅಂಗಡಿಗೆ ಓಡಿ ಡಾಕ್ಟರರಿಗೆ ಫೋನು ಮಾಡಿದೆ. ಗಾಬರಿಯಲ್ಲಿ ನನ್ನ ಬಾಯಿಂದ ಹೊರಟದ್ದು ಅವರದೇ ಸ್ವರ!

"ಎಂತ ಮಾರಾಯ, ನನಗೇ ನನ್ನ ಸ್ವರದಲ್ಲಿ ಫೋನು ಮಾಡ್ತೀಯಾ? ಇಡು!"

ಮತ್ತೆ ಮಾಡಿದರೆ ಎತ್ತಲೇ ಇಲ್ಲ. ನಾಯಿಯನ್ನು ಮೀನಿನ ಬುಟ್ಟಿಯಲ್ಲಿ ಕೂರಿಸಿ ಸೈಕಲಿಗೆ ಕಟ್ಟಿದೆ. ಅಕ್ಕ ಖಾಲಿ ಡಬ್ಬಿಯನ್ನೂ ನನ್ನ ಕೈಗೆ ತುರುಕಿದರು: "ಡಾಕ್ಟ್ರು ನೋಡಲಿ."

ಆಸ್ಪತ್ರೆಯಲ್ಲಿ ನನ್ನ ನಡುಗುವ ಸ್ವರ ಕೇಳಿ ಡಾಕ್ಟರರು ಗದರಲಿಲ್ಲ. ಡಬ್ಬಿ ತಿರುಗಿಸಿ ನೋಡಿ, "ಇಷ್ಟೂ ತಿಂದಿತಾ? ಎಷ್ಟು ಹೊತ್ತಾಯ್ತು? ಎಂತಾದ್ರೂ ಕುಡಿಸಿದ್ದೀಯಾ?" ಎಂದರು. ಉಪ್ಪುನೀರಿನ ಕಥೆ ಹೇಳಿದೆ.

"ನಿಮಗಿಂತ ನಾಯಿಗೇ ಬುದ್ಧಿ ಉಂಟು. ನಮ್ಮಲ್ಲಿ ಕೇಳದೆ ಎಂತದೂ ಕುಡಿಸಬಾರದು."

ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ನಾಯಿ ಬಂಗಾರದ ಕಾಗದ ಸಮೇತ ಡಾಕ್ಟರರ ಚಪ್ಪಲಿಯ ಮೇಲೆಯೇ ವಾಂತಿ ಮಾಡಿತು.

"ಹೆಚ್ಚಿನದು ಹೊರಗೆ ಬಂತು. ಆದರೂ ಸಂಜೆವರೆಗೆ ಇಲ್ಲೇ ಕೂತ್ಕೊ. ಇದಕ್ಕೆ ನಡುಕ ಬಂದರೆ ನನ್ನನ್ನು ಕರಿ, ನಿನ್ನದೇ ಸ್ವರದಲ್ಲಿ."

ಬೆಂಚಿನಲ್ಲಿ ಅದರ ಎದೆಯ ಮೇಲೆ ಕೈಯಿಟ್ಟು ಕೂತೆ. ಸಂಜೆ ಅಕ್ಕ ಬಸ್ಸಿನಲ್ಲಿ ಒಬ್ಬರೇ ಬಂದು ಬಾಗಿಲಲ್ಲಿ ನಿಂತರು.

"ಬದುಕಿತಾ, ಮಗ?"

ಸ್ವರ ಗುರುತಿಸಿ ನಾಯಿ ಬಾಲ ಬಡಿಯಿತು. ಅಕ್ಕ ಅಲ್ಲೇ ಮೆಟ್ಟಿಲಲ್ಲಿ ಕೂತರು.

ಅಕ್ಕ ತೀರಿಹೋಗಿ ಬಹಳ ವರ್ಷವಾಯಿತು. ಅವರು ಮೀನಿನವಳೊಂದಿಗೆ ಜಗಳಾಡುವುದನ್ನು ಮಾಡಿ ತೋರಿಸಿ ಇಂದಿಗೂ ಜನರನ್ನು ನಗಿಸುತ್ತೇನೆ. ಅವರು ಆ ಬಾಗಿಲಲ್ಲಿ ನಿಂತು "ಬದುಕಿತಾ" ಎಂದು ಕೇಳಿದ ಸ್ವರವನ್ನು ಮಾತ್ರ ಯಾರೆದುರೂ ಮಾಡಿಲ್ಲ.